ಗೆರೆಗಳು ಕೂಡುವ ಕೋಣೆ

ಗೋಡೆಗೆ ಇಸ್ತ್ರಿ ಹಾಕಿದ ಹೆಂಗಸು ಆ ಬೀದಿಗೆಲ್ಲ ಅವಳೊಬ್ಬಳೇ ಇರಬೇಕು.

ಅವಳ ಕೆಲಸವೇ ಕಲೆ ತೆಗೆಯುವುದು. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ದೊಡ್ಡ ಅಂಗಡಿಯೊಂದರ ಹಿಂದಿನ ಮೇಜು ವರ್ಷಗಳಿಂದ ಅವಳದ್ದು. ಶಾಯಿ, ರಕ್ತ, ಗ್ರೀಸು, ಹೊಸ ಕೋಟಿನ ಮೇಲೆ ಚೆಲ್ಲಿದ ಟೀ, ಯಾವುದಕ್ಕೆ ಯಾವ ಮದ್ದು ಅಂತ ಮೂಸಿ ನೋಡಿಯೇ ಹೇಳುತ್ತಿದ್ದಳು. ಮೇಣದ ಕಲೆಗಂತೂ ಮದ್ದೇ ಬೇಡ. ಮೇಲೊಂದು ಒತ್ತುಕಾಗದ ಇಟ್ಟು ಬಿಸಿ ಇಸ್ತ್ರಿ ಆಡಿಸಿದರೆ ಮೇಣ ಕರಗಿ ಕಾಗದಕ್ಕೆ ಹತ್ತಿಕೊಂಡು ಬರುತ್ತದೆ. ಬಟ್ಟೆಯಿಂದ ಬರುವುದು ಗೋಡೆಯಿಂದ ಯಾಕೆ ಬರಬಾರದು? ವಾರದ ರಜೆಯ ದಿನ, ಊಟವಾದ ಮೇಲೆ, ವಯರು ಎಳೆದು ಸ್ಟೂಲು ಹತ್ತಿದಳು.

ಗೋಡೆಯ ಮೇಲಿದ್ದದ್ದು ಎರಡು ಕೆಂಪು ಗೆರೆ. ಬೀದಿಬಾಗಿಲ ಪಕ್ಕದ ಮೂಲೆಯಿಂದ ಒಂದು ಮೇಲೆ, ಒಂದು ಕೆಳಗೆ ಹೊರಟು, ಹಜಾರದ ಉದ್ದಕ್ಕೂ ಓರೆಯಾಗಿ ಏರುತ್ತಾ ಒಂದಕ್ಕೊಂದು ಹತ್ತಿರವಾಗುತ್ತಾ ಹೋಗಿ, ಕೊನೆಯಲ್ಲಿ ಒಂದು ದೊಡ್ಡ ಬೀರುವಿನ ಹಿಂದೆ ಮಾಯವಾಗುತ್ತಿದ್ದವು. ಬೀರುವಿನ ಹಿಂದೆ ಹಿಂದಿನ ಕೋಣೆಯ ಬಾಗಿಲು. ಬಾಗಿಲಿಗೆ ಯಾರಾದರೂ ಬೀರು ಅಡ್ಡ ಇಡುತ್ತಾರೆಯೇ? ಈ ಮನೆಯಲ್ಲಿ ಇಟ್ಟಿದ್ದರು. ಬೀರುವಿನ ತಲೆಯ ಮೇಲೆ ಬಾಗಿಲ ಚೌಕಟ್ಟಿನ ಒಂದು ಗೇಣು ಇಣುಕುತ್ತಿತ್ತು.

ಅವಳು ಎರಡನೇ ಹೆಂಡತಿಯಾಗಿ ಈ ಮನೆಗೆ ಬಂದು ಮೂರು ತಿಂಗಳಾಗಿತ್ತು. ಅದಕ್ಕೆ ಮೊದಲು ಗಂಡ ಗೋಡೆಗೆ ಎರಡು ಸಲ ಬಣ್ಣ ಹೊಡೆಸಿದ್ದನಂತೆ. ಬಂದ ದಿನ ಗೋಡೆ ಹಾಲಿನ ಹಾಗಿತ್ತು. ವಾರ ಕಳೆಯುವಷ್ಟರಲ್ಲಿ ಕೂಸಿನ ಚರ್ಮದ ಕೆಳಗಿನ ನರದ ಹಾಗೆ ತೆಳ್ಳಗೆ ಏನೋ ಕಾಣಿಸಿಕೊಂಡಿತು. ತಿಂಗಳಿಗೆ ಕೆಂಪಾಗಿ ಎದ್ದು ನಿಂತಿತು.

"ಮೇಣದ ಬಳಪ ಅಲ್ವಾ, ಎಷ್ಟು ಕೋಟ್ ಹೊಡೆದ್ರೂ ಮೇಲೆ ಬರುತ್ತೆ" ಅಂದಿದ್ದ ಬಣ್ಣದವನು.

ಅತ್ತೆಯ ಲೆಕ್ಕ ಬೇರೆ. "ಟೀಚರ್ ಎಳೆದ ಗೆರೆ ಅದು. ಬಣ್ಣಕ್ಕೆಲ್ಲ ಹೆದರುತ್ತಾ?"

ಟೀಚರ್ ಅಂದರೆ ಮೊದಲನೆಯವಳು. ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದವಳು. ತೀರಿಕೊಂಡು ಎರಡು ವರ್ಷವಾಗಿದ್ದರೂ ಮನೆಯಲ್ಲಿ ಎಲ್ಲರೂ, ಕಟ್ಟಿಕೊಂಡ ಗಂಡ ಕೂಡ, ಅವಳನ್ನು ಟೀಚರ್ ಅಂತಲೇ ಕರೆಯುತ್ತಿದ್ದರು. ಟೀಚರ್ ಇದ್ದಾಗ ಟವೆಲುಗಳ ಅಂಚು ಒಂದಕ್ಕೊಂದು ಕೂಡುತ್ತಿತ್ತು. ಟೀಚರ್ ಇದ್ದಾಗ ಡಬ್ಬಿಗಳು ಎತ್ತರದ ಪ್ರಕಾರ ನಿಲ್ಲುತ್ತಿದ್ದವು. ಕಣ್ಣಿಗೆ ಬೀಳದ ಸವತಿ ಕಣ್ಣೆದುರಿನ ಸವತಿಗಿಂತ ಕಷ್ಟ ಅಂತ ಹೊಸಬಳಿಗೆ ಬೇಗ ಗೊತ್ತಾಯಿತು. ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ಸತ್ತವಳು ತಪ್ಪು ಮಾಡುವುದೇ ಇಲ್ಲ.

ಇಸ್ತ್ರಿ ಒತ್ತಿದಾಗ ಚುರ್ ಅಂತ ಸದ್ದಾಗಿ ಕಾಗದಕ್ಕೆ ಕೆಂಪು ಇಳಿಯಿತು. ಅವಳಿಗೆ ಖುಷಿಯಾಯಿತು. ಕಾಗದ ತೆಗೆದು ನೋಡಿದರೆ ಗೋಡೆಯ ಗೆರೆ ಇನ್ನೂ ಅಗಲವಾಗಿ, ಎಣ್ಣೆ ಕುಡಿದ ಹಾಗೆ ಹೊಳೆಯುತ್ತಿತ್ತು.

"ಗೋಡೆಗೆ ಇಸ್ತ್ರಿ ಹಾಕ್ತಿದೀರಾ?"

ಶಾಲೆಯಿಂದ ಬಂದ ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ಟೀಚರ್ ಮಗಳು. ಹದಿನಾಲ್ಕು ವರ್ಷದ, ಮಾತು ಕಡಿಮೆಯ ಹುಡುಗಿ. ಚಿಕ್ಕಮ್ಮ ಅನ್ನು ಅಂತ ಅಜ್ಜಿ ಎಷ್ಟು ಹೇಳಿದರೂ ಏನೂ ಅನ್ನದೆ, 'ನೀವು' ಅನ್ನುವುದರಲ್ಲೇ ಮೂರು ತಿಂಗಳು ದೂಡಿದ್ದಳು.

"ಕಲೆ ಅಂದ್ಕೊಂಡೆ ಕಣೆ" ಅಂದಳು ಅವಳು, ಸ್ಟೂಲಿನ ಮೇಲೆ ಕಳ್ಳಿಯ ಹಾಗೆ ನಿಂತು.

"ಕಲೆ ಅಲ್ಲ. ಲೆಕ್ಕ."

ಹುಡುಗಿ ಬೈಯಬಹುದು, ಅಳಬಹುದು ಅಂದುಕೊಂಡಿದ್ದಳು. ಹುಡುಗಿ ಚೀಲ ಕೆಳಗಿಟ್ಟು ಗೋಡೆಯ ಹತ್ತಿರ ಬಂದು, ಸುಟ್ಟ ಜಾಗವನ್ನು ಬೆರಳಲ್ಲಿ ಮುಟ್ಟಿ ನೋಡಿದಳು ಅಷ್ಟೇ. ಆಮೇಲೆ ಯಾರೋ ಕೀಲಿ ಕೊಟ್ಟ ಹಾಗೆ ಮಾತಾಡತೊಡಗಿದಳು. ಕಾಯಿಲೆ ಶುರುವಾಗಿ ಶಾಲೆಗೆ ಹೋಗಲಾಗದೆ ಮನೆಯಲ್ಲಿ ಕೂತಾಗ ಅಮ್ಮ ಈ ಗೋಡೆಯನ್ನೇ ಬೋರ್ಡು ಮಾಡಿಕೊಂಡಿದ್ದಳಂತೆ. ನೆಲದ ಟೈಲುಗಳೇ ಅಳತೆ. ಒಂದು ಟೈಲು ಒಂದು ಅಂಕಿ.

"ಯಾವ ಸರಳರೇಖೆಗೂ ಎರಡು ವಿಷಯ ಗೊತ್ತಿದ್ರೆ ಸಾಕು. ಎಲ್ಲಿಂದ ಹೊರಟಿತು, ಎಷ್ಟು ಬೇಗ ಏರುತ್ತೆ. ಹೊರಟ ಜಾಗಕ್ಕೆ ಅಂತಃಛೇದ ಅಂತಾರೆ. ಏರೋದಕ್ಕೆ ಇಳಿಜಾರು ಅಂತಾರೆ."

"ಏರೋದಕ್ಕೆ ಇಳಿಜಾರು ಅಂತಾರಾ? ಒಳ್ಳೆ ಕಥೆ!"

ಹುಡುಗಿಯ ಬಾಯಿಯ ಒಂದು ತುದಿ ಅಲ್ಲಾಡಿತು. "ನಾನೂ ಅಮ್ಮನ್ನ ಅದನ್ನೇ ಕೇಳಿದ್ದೆ. ಏರಿದ್ರೆ ಧನ ಇಳಿಜಾರು, ಇಳಿದ್ರೆ ಋಣ ಇಳಿಜಾರು. ಈಗ ನೋಡಿ. ಮೇಲಿನ ಗೆರೆ ನಾಲ್ಕು ಟೈಲ್ ಎತ್ತರದಲ್ಲಿ ಹೊರಡುತ್ತೆ, ಆದ್ರೆ ಸೋಮಾರಿ. ಎಂಟು ಟೈಲ್ ಮುಂದೆ ಹೋದ್ರೆ ಒಂದು ಟೈಲ್ ಏರುತ್ತೆ. ಕೆಳಗಿಂದು ಎರಡರಲ್ಲೇ ಹೊರಡುತ್ತೆ. ಆದ್ರೆ ನಾಲ್ಕು ಟೈಲಿಗೇ ಒಂದು ಏರುತ್ತೆ."

ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಅತ್ತೆ ಕಣ್ಣು ಮುಚ್ಚಿಕೊಂಡೇ ಹೇಳಿದರು: "ಕೆಳಗಿಂದ ಶುರುವಾದ್ದು ಕೆಳಗೇ ಇರುತ್ತೆ ಬಿಡು."

"ಇಲ್ಲ ಅಜ್ಜಿ. ಒಂದು ಕಡೆ ಎರಡೂ ಕೂಡುತ್ತೆ. ಅಲ್ಲಿಂದಾಚೆ ಇದೇ ಮೇಲೆ."

"ಎಲ್ಲಿ ಕೂಡುತ್ತೆ?" ಅಂತ ಹೊಸಬಳು ಕೇಳಿದಳು.

ಹುಡುಗಿಯ ಮುಖ ಬಿಗಿದುಕೊಂಡಿತು. ಬೀರುವಿನ ಕಡೆ ಒಂದು ಸಲ ನೋಡಿ, ಚೀಲ ಎತ್ತಿಕೊಂಡು ಹೊರಟುಹೋದಳು.

ಆ ಮನೆಯಲ್ಲಿ ಇನ್ನೊಂದು ವಿಷಯವಿತ್ತು, ಅದನ್ನು ಹೊಸಬಳು ಯಾರಿಗೂ ಹೇಳಿರಲಿಲ್ಲ. ಅವಳ ರಜೆಯ ದಿನಗಳಲ್ಲಿ, ಮಧ್ಯಾಹ್ನದ ಹೊತ್ತು, ಬೀದಿ ಮಲಗಿರುವಾಗ, ಬೀರುವಿನ ಹಿಂದಿನಿಂದ ಒಂದು ಸದ್ದು ಬರುತ್ತಿತ್ತು. ಸರ್... ಅಂತ ಒಂದು ಉಜ್ಜುವ ಸದ್ದು. ಸ್ವಲ್ಪ ಬಿಟ್ಟು ಮತ್ತೆ ಸರ್... ಇಲಿ ಅಂದುಕೊಂಡು ಪಾಷಾಣ ತಂದಿಟ್ಟಳು. ಇಲಿ ಸಾಯಲಿಲ್ಲ, ಸದ್ದೂ ನಿಲ್ಲಲಿಲ್ಲ. ಇಲಿಯಾಗಿದ್ದರೆ ಓಡಾಡುತ್ತಿತ್ತು. ಇದು ಒಂದೇ ಜಾಗದಲ್ಲಿ, ಒಂದೇ ಉದ್ದಕ್ಕೆ, ದಣಿದವರು ಉಸಿರು ಎಳೆದುಕೊಳ್ಳಲು ನಿಲ್ಲಿಸುವ ಹಾಗೆ ನಿಂತು ನಿಂತು ಬರುತ್ತಿತ್ತು. ಒಂದು ದಿನ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಾ ಕೈ ಹಾಗೇ ನಿಲ್ಲಿಸಿ ಕಿವಿಗೊಟ್ಟಳು. ತಿರುಗಿದರೆ ಅತ್ತೆ ಅವಳ ಮುಖವನ್ನೇ ನೋಡುತ್ತಿದ್ದರು.

"ನಿನಗೂ ಕೇಳಿಸುತ್ತಾ?" ಅಂದರು ಅತ್ತೆ. ಅವರ ದನಿಯಲ್ಲಿ ಯಾವತ್ತಿನ ಖಾರ ಇರಲಿಲ್ಲ.

"ಏನತ್ತೆ ಅದು?"

"ನನಗೇನು ಗೊತ್ತು. ಅವಳ ಕೊನೇ ದಿನಗಳಲ್ಲಿ ನಾನು ಇಲ್ಲಿರ್ಲಿಲ್ಲ. ನನ್ನನ್ನೂ ಮಗುವನ್ನೂ ನನ್ನ ಮಗಳ ಮನೆಗೆ ಸಾಗಹಾಕಿದ್ದ ನಿನ್ನ ಗಂಡ. ಎಲ್ಲಾ ಮುಗಿದ ಮೇಲೆ ಬಂದ್ರೆ ಬೀರು ಬಾಗಿಲಿಗೆ ಬಂದಿತ್ತು."

ಹೀಗಿರುವಾಗ ಒಂದು ದಿನ ಅಂಗಡಿಗೆ ಒಬ್ಬ ಎಳೆಯ ಮೇಷ್ಟ್ರು ಜೇಬೆಲ್ಲ ಶಾಯಿಯಾದ ಅಂಗಿ ಹಿಡಿದುಕೊಂಡು ಬಂದ. ಅಂಗಿ ಕೊಟ್ಟವನು ಹೋಗದೆ ನಿಂತ.

"ನೀವು ಆ ಟೀಚರ್ ಮನೆಯವರಲ್ವಾ? ನಿಮ್ಮ ಹುಡುಗಿ ನನ್ನ ಕ್ಲಾಸಲ್ಲೇ ಇದಾಳೆ."

"ಏನಾದ್ರೂ ಮಾಡಿದ್ಲಾ?"

"ಮಾಡಲ್ಲ ಅನ್ನೋದೇ ತೊಂದ್ರೆ. ಎರಡು ಸಮೀಕರಣ ಕೊಟ್ಟು ಹೋಲಿಸಿ ಅಂದ್ರೆ ಇಳಿಜಾರು ಸರಿ, ಅಂತಃಛೇದ ಸರಿ, ಯಾವುದು ಜಾಸ್ತಿ ಕಡಿದು, ಯಾವುದು ಮೇಲಿಂದ ಹೊರಟಿದೆ, ಎಲ್ಲಾ ಮುತ್ತಿನ ಹಾಗೆ ಬರೀತಾಳೆ. 'ಈ ರೇಖೆಗಳು ಎಲ್ಲಿ ಸಂಧಿಸುತ್ತವೆ?' ಅಂತ ಕೇಳಿದ ಕಡೆ ಮಾತ್ರ ಖಾಲಿ. ಪ್ರತಿ ಪರೀಕ್ಷೆಯಲ್ಲೂ ಖಾಲಿ. ಬರಲ್ವಾ ಅಂದ್ರೆ ಬರುತ್ತೆ ಅಂತಾಳೆ. ಹಾಗಾದ್ರೆ ಬರಿ ಅಂದ್ರೆ ಸುಮ್ನಿರ್ತಾಳೆ. ಬೈದೆ. ಬೈದ ಮೇಲೆ ನನಗೇ ಒಂಥರಾ ಆಯ್ತು."

ಅವತ್ತು ಅವಳಿಗೆ ಯಾವ ಕಲೆಯೂ ಬಿಡಲಿಲ್ಲ. ಮನೆಗೆ ಹೋಗುವ ದಾರಿಯುದ್ದಕ್ಕೂ ಗೋಡೆಯ ಗೆರೆಗಳೇ ಕಣ್ಣಲ್ಲಿದ್ದವು. ಹೊರಡುವಾಗ ಎರಡಕ್ಕೂ ಎರಡು ಟೈಲಿನ ಅಂತರ. ಎಂಟು ಟೈಲು ಹೋದರೆ ಮೇಲಿನದು ಒಂದು ಏರಿರುತ್ತದೆ, ಕೆಳಗಿನದು ಎರಡು. ಅಂತರ ಒಂದಕ್ಕೆ ಇಳಿಯಿತು. ಇನ್ನೂ ಎಂಟು ಹೋದರೆ ಅಂತರವೇ ಇಲ್ಲ. ಬಸ್ಸಿನಲ್ಲಿ ಬೆರಳು ಮಡಿಸುತ್ತಾ ಕೂತವಳಿಗೆ ತಟ್ಟನೆ ಹೊಳೆಯಿತು: ಹದಿನಾರು. ಹಜಾರ ಇರುವುದೇ ಹನ್ನೆರಡು ಟೈಲು ಉದ್ದ.

ಹುಡುಗಿ ತಾರಸಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಹೊಸಬಳು ಹೋಗಿ ಪಕ್ಕದಲ್ಲಿ ನಿಂತು ಕ್ಲಿಪ್ಪು ಬಿಚ್ಚತೊಡಗಿದಳು.

"ಆ ಗೆರೆಗಳು ಒಳಗಿನ ಕೋಣೇಲಿ ಕೂಡ್ತವೆ ಅಲ್ವಾ?"

ಹುಡುಗಿಯ ಕೈ ನಿಂತಿತು. "ನಿಮಗೆ ಹೇಗೆ ಗೊತ್ತು?"

"ಎಣಿಸಿದೆ. ಹದಿನಾರನೇ ಟೈಲಿನ ಹತ್ರ."

"ಆರು ಟೈಲ್ ಎತ್ತರದಲ್ಲಿ" ಅಂದಳು ಹುಡುಗಿ. ನೀರೇ ಇಲ್ಲದ ಒಣಬಟ್ಟೆಯೊಂದನ್ನು ಹಿಂಡತೊಡಗಿದಳು. "ಅಮ್ಮ ಹಾಸಿಗೆ ಹಿಡಿದ ಮೇಲೆ ನನಗೆ ಆ ಲೆಕ್ಕ ಕೊಟ್ಟಿದ್ಲು. 'ಎಲ್ಲಿ ಕೂಡುತ್ತೆ ಅಂತ ನೀನು ಕಂಡುಹಿಡಿ. ನಾನು ಈ ಕೋಣೆ ಗೋಡೆ ಮೇಲೆ ಆ ಜಾಗದಲ್ಲಿ ಒಂದು ಚುಕ್ಕಿ ಇಟ್ಟಿರ್ತೀನಿ. ಬಂದು ತಾಳೆ ನೋಡು' ಅಂದಿದ್ಲು. ಮಾರನೇ ದಿನಾನೇ ಅಪ್ಪ ನನ್ನನ್ನೂ ಅಜ್ಜೀನೂ ಸೋದರತ್ತೆ ಮನೆಗೆ ಕಳಿಸಿದ. ನನ್ನ ಉತ್ತರ ಸರಿ ಅಂತ ಗೊತ್ತು. ಆದ್ರೂ ಅವಳ ಚುಕ್ಕಿ ನೋಡದೆ ಬರೆಯಲ್ಲ ಅಂತ ಅಂದ್ಕೊಂಡಿದೀನಿ. ಬರೆದುಬಿಟ್ರೆ ಅವಳು ಕೊಟ್ಟ ಕೊನೇ ಲೆಕ್ಕ ಮುಗಿದುಹೋಗುತ್ತೆ."

ಗಂಡ ಲಿಫ್ಟ್ ರಿಪೇರಿಯವನು. ದಿನವಿಡೀ ಊರ ಜನರನ್ನು ಮೇಲೆ ಕೆಳಗೆ ಕಳಿಸಿ ಬಂದು, ಮನೆಯಲ್ಲಿ ಮಾತ್ರ ಎಲ್ಲಿಗೂ ಹೋಗದೆ ಒಂದೇ ಕುರ್ಚಿಯಲ್ಲಿ ಕೂರುತ್ತಿದ್ದ ಸಾಧು ಮನುಷ್ಯ. ದನಿ ಎತ್ತಿದ್ದನ್ನು ಅವಳು ಕಂಡಿರಲಿಲ್ಲ. ಅವತ್ತು ಸಂಜೆ ಅವನಿಗೆ ಊಟ ಬಡಿಸುತ್ತಾ, ಹಿಂದಿನ ಕೋಣೆ ತೆಗೆದರೆ ಹುಡುಗಿಗೆ ಓದಲು ಆಗುತ್ತಿತ್ತಲ್ಲ ಅಂತ ಸುಮ್ಮನೆ ಅಂದಂತೆ ಅಂದಳು.

"ಅಲ್ಲಿ ಬರೀ ಹಳೇ ಸಾಮಾನಿದೆ."

"ಹಳೇ ಸಾಮಾನು ತೆಗೆದಿಟ್ರಾಯ್ತು. ರೀ, ಅವಳಿಗೆ ಒಂದು ಸಲ—"

"ಆ ಬಾಗಿಲಿನ ಮಾತು ಬೇಡ!" ತಟ್ಟೆ ಮೇಜಿನ ಮೇಲೆ ಜಿಗಿದು ಬಿತ್ತು. ಅವನು ಎದ್ದು ಕೈ ತೊಳೆಯಲು ಹೋದವನು ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಅಲ್ಲೇ ನಿಂತಿದ್ದ.

ಅದು ಬರೀ ಸಿಟ್ಟಾಗಿದ್ದರೆ ಅವಳು ಸುಮ್ಮನಾಗುತ್ತಿದ್ದಳೋ ಏನೋ. ಆದರೆ ಕಲೆ ತೆಗೆಯುವವಳಿಗೆ ಸಿಟ್ಟಿಗೂ ಹೆದರಿಕೆಗೂ ವ್ಯತ್ಯಾಸ ಗೊತ್ತಾಗುತ್ತದೆ. ಅವನ ಮುಖದಲ್ಲಿದ್ದದ್ದು ಹೆದರಿಕೆ.

ಮುಂದಿನ ರಜೆಯ ದಿನ ಶಾಲೆಗೂ ರಜೆ ಬಿತ್ತು. ಗಂಡ ಕೆಲಸಕ್ಕೆ ಹೋದ ಮೇಲೆ ಅವಳು ಅಂಗಡಿಯಿಂದ ತಂದಿದ್ದ ಸೋಪಿನ ಗಟ್ಟಿಯನ್ನು ಹೆಚ್ಚಿ, ಬೀರುವಿನ ಕಾಲುಗಳ ಕೆಳಗೆ ಒಂದೊಂದು ಹೋಳು ತೂರಿಸಿದಳು. ನೀರು ಚಿಮುಕಿಸಿದಳು. ಹುಡುಗಿ ಏನೂ ಕೇಳದೆ ಬಂದು ಇನ್ನೊಂದು ಬದಿಗೆ ಹೆಗಲು ಕೊಟ್ಟಳು.

"ಅವನು ಬಂದ್ರೆ ನನ್ನ ಮೇಲೆ ಹೇಳಬೇಡಿ" ಅಂದರು ಅತ್ತೆ. ಒಂದು ಗಳಿಗೆ ನೋಡಿ ತಡೆಯಲಾಗದೆ, "ಅಯ್ಯೋ, ಹಾಗಲ್ಲ, ಎಡಗಡೆಯಿಂದ ತಳ್ಳಿ. ಬೀರುವಿಗೂ ಸೊಂಟ ಅಂತ ಒಂದಿರುತ್ತೆ" ಅಂತ ತಾವೇ ಎದ್ದು ಬಂದರು.

ಬೀರು ನರಳಿ, ಅಲುಗಿ, ಸೋಪಿನ ಮೇಲೆ ಜಾರಿ ಪಕ್ಕಕ್ಕೆ ಹೋಯಿತು. ಬಾಗಿಲಿಗೆ ಬೀಗವಿರಲಿಲ್ಲ. ಬರೀ ಚಿಲಕ.

ಹೊಸಬಳು ಮೊದಲು ಒಳಗೆ ಹೋದಳು. ಔಷಧಿಯ ವಾಸನೆ ಎರಡು ವರ್ಷ ಮುಚ್ಚಿಟ್ಟರೂ ಸತ್ತಿರಲಿಲ್ಲ. ಕಿಟಕಿ ಭದ್ರವಾಗಿ ಮುಚ್ಚಿತ್ತು. ಹಜಾರದಿಂದ ಹಾಗೇ ಮುಂದುವರಿದ ಗೋಡೆಗೆ ತಾಗಿಕೊಂಡು ಒಂದು ಕಬ್ಬಿಣದ ಮಂಚ, ಹಾಸಿಗೆ ಇಲ್ಲದ ಬರೀ ಹಲಗೆ. ಉಜ್ಜುವ ಸದ್ದು ಮಾಡುವಂಥದ್ದು ಏನಾದರೂ ಇದೆಯಾ ಅಂತ ಅವಳ ಕಣ್ಣು ಮೊದಲು ಹುಡುಕಿತು. ತೂಗಾಡುವ ಹಗ್ಗವಿಲ್ಲ, ಸಡಿಲ ಕಾಗದವಿಲ್ಲ, ಗಾಳಿಯೇ ಇಲ್ಲ. ಕಿಟಕಿ ತೆರೆದಳು. ಬೆಳಕು ಗೋಡೆಯ ಮೇಲೆ ಬಿತ್ತು.

"ಹುಡುಗೀನ ಒಳಗೆ ಬಿಡಬೇಡ" ಅಂದರು ಹಿಂದಿನಿಂದ ಅತ್ತೆ. ಆದರೆ ಹುಡುಗಿ ಆಗಲೇ ಒಳಗಿದ್ದಳು.

ಇಲ್ಲಿಯೂ ಬಣ್ಣ ಹೊಡೆದಿದ್ದರು. ಇಲ್ಲಿಯೂ ಕೆಂಪು ಮೇಲೆದ್ದು ಬಂದಿತ್ತು. ಆದರೆ ಎರಡು ಗೆರೆಯಲ್ಲ. ಮಂಚದ ಪಕ್ಕದ ಗೋಡೆಯ ತುಂಬ ಮೊಳಕೈ ಉದ್ದದ ಗೆರೆಗಳು, ಬಾಚಣಿಗೆಯ ಹಲ್ಲಿನ ಹಾಗೆ, ಒಂದರ ಕೆಳಗೆ ಒಂದು, ಒಂದರ ಕೆಳಗೆ ಒಂದು, ಮಂಚದ ಹಲಗೆಯವರೆಗೂ. ಮೇಲಿನವು ದಪ್ಪಗೆ, ನೇರವಾಗಿದ್ದವು. ಕೆಳಗಿಳಿದ ಹಾಗೆ ತೆಳ್ಳಗಾಗಿ ನಡುಗುತ್ತಿದ್ದವು. ತೀರ ಕೆಳಗಿನದು ಗೆರೆಯೋ ಉಗುರಿನ ಗೀರೋ ಹೇಳುವಂತಿರಲಿಲ್ಲ.

ಅತ್ತೆ ಹೊಸ್ತಿಲ ಮೇಲೆ ಕುಸಿದು ಕೂತರು.

ಹುಡುಗಿ ಸ್ಕೇಲು ತಂದಳು. ಅವಳ ಮುಖದಲ್ಲಿ ಏನೂ ಇರಲಿಲ್ಲ. ಮೇಲಿನ ಗೆರೆಗೆ ಸ್ಕೇಲು ಹಿಡಿದು ಅಳೆದಳು. ಅದರ ಕೆಳಗಿನದನ್ನು ಅಳೆದಳು. ಮತ್ತೊಂದನ್ನು.

"ತಪ್ಪು" ಅಂದಳು. "ಎಂಟಕ್ಕೊಂದೂ ಅಲ್ಲ, ನಾಲ್ಕಕ್ಕೊಂದೂ ಅಲ್ಲ. ಮುಂದೆ ಎಷ್ಟು ಹೋಗುತ್ತೋ ಅಷ್ಟೇ ಮೇಲೇರುತ್ತೆ. ಎಲ್ಲಾ ಗೆರೆನೂ ಹಾಗೇ. ಎಲ್ಲದಕ್ಕೂ ಒಂದೇ ಇಳಿಜಾರು. ಹೊರಟ ಜಾಗ ಮಾತ್ರ ಬೇರೆ ಬೇರೆ. ಸಮಾಂತರ ರೇಖೆ ಇವೆಲ್ಲ. ಇವು ಯಾವತ್ತೂ ಯಾವುದನ್ನೂ ಸೇರಲ್ಲ." ಅವಳು ತಿರುಗಿ ನೋಡಿದಳು. "ಅಮ್ಮನಿಗೆ ಅದು ಗೊತ್ತಿಲ್ದೆ ಇರುತ್ತಾ? ಇದನ್ನ ಅಮ್ಮ ಎಳೆದಿದ್ದಾ?"

ಹೊಸಬಳಿಗೆ ಉತ್ತರ ಗೊತ್ತಿತ್ತು. ದಿನಕ್ಕೆ ನೂರು ಸಲ ಇಸ್ತ್ರಿ ಹಿಡಿದ ಕೈಯನ್ನು ಒಂದೇ ಓರೆಯಲ್ಲಿ ತಳ್ಳುವವಳಿಗೆ ಅದು ಗೊತ್ತಾಗದೆ ಇರಲು ಸಾಧ್ಯವೇ ಇಲ್ಲ. ಅವಳು ಬಾಯಿ ತೆರೆಯುವ ಮೊದಲೇ ಹುಡುಗಿ ತಾನೇ ಯೋಚಿಸತೊಡಗಿದಳು. ಮಂಚವನ್ನು ನೋಡಿದಳು, ಗೋಡೆಯನ್ನು ನೋಡಿದಳು. ಆಮೇಲೆ ಹಲಗೆಯ ಮೇಲೆ ಹತ್ತಿ ಅಂಗಾತ ಮಲಗಿ, ಎಡ ಮೊಣಕೈ ಊರಿ ಅರ್ಧ ಎದ್ದು, ಬಲಗೈಯನ್ನು ಗೋಡೆಯ ಮೇಲೆ ಚಾಚಿದಳು.

ಕೈ ಎಲ್ಲಕ್ಕಿಂತ ಮೇಲಿನ ಗೆರೆಯ ಮೇಲೆ ಕೂತಿತು. ಮಣಿಕಟ್ಟು, ಮೊಣಕೈ, ಎಲ್ಲಾ ಅದರ ಮೇಲೇ. ಎರಡು ವರ್ಷದಲ್ಲಿ ಹುಡುಗಿಯ ಕೈ ತಾಯಿಯ ಕೈಯಷ್ಟೇ ಉದ್ದವಾಗಿತ್ತು.

"ದಿಂಬು ಎತ್ತರ ಇದ್ದಾಗ ಇದು" ಅಂದಳು. ಸ್ವಲ್ಪ ಕೆಳಗೆ ಜಾರಿದಳು. "ಆಮೇಲೆ ಇದು." ಕೈ ಮುಂದಿನ ಗೆರೆಯ ಮೇಲೆ ಬಂತು. ಅಂಗೈ ಗೋಡೆಗೆ ಉಜ್ಜಿ ಸರ್ ಅಂತ ಸದ್ದಾಯಿತು. ಮತ್ತೆ ಜಾರಿದಳು. "ಆಮೇಲೆ ಇದು."

ಮಧ್ಯಾಹ್ನ ಬೀರುವಿನ ಹಿಂದಿನಿಂದ ಹೊಸಬಳಿಗೆ ಕೇಳಿಸುತ್ತಿದ್ದದ್ದು ಇದೇ ಸದ್ದು. ಹಲಗೆಯ ಮೇಲೆ ಮಲಗಿದ್ದವಳು ಯಾರು ಅನ್ನುವುದೇ ಒಂದು ಗಳಿಗೆ ಅವಳಿಗೆ ತಿಳಿಯಲಿಲ್ಲ. ಕಿಟಕಿಯ ಬೆಳಕಲ್ಲಿ ಒಂದು ತೆಳ್ಳನೆಯ ಕೈ ಮಾತ್ರ ಗೋಡೆಯ ಮೇಲೆ ಗೆರೆ ಗೆರೆಯಾಗಿ ಕೆಳಗಿಳಿಯುತ್ತಿತ್ತು.

"ಏಳೇ! ಸಾಕು, ಏಳು ಮಗ" ಅಂತ ಹೋಗಿ ಎರಡೂ ತೋಳು ಹಿಡಿದು ಎಬ್ಬಿಸಿಬಿಟ್ಟಳು. ಹುಡುಗಿಯ ಮೈ ತಣ್ಣಗಿತ್ತು.

ಗಂಡ ಬಂದದ್ದು ಆಗ. ಕೆಲಸದ ನಡುವೆ ಮರೆತ ಉಪಕರಣಕ್ಕೆ ಬಂದವನು ಜರುಗಿದ ಬೀರು ನೋಡಿ ಬಾಗಿಲವರೆಗೂ ಬಂದ. ಕೂಗುತ್ತಾನೆ ಅಂತ ಮೂವರೂ ಕಾದರು. ಅವನು ಗೋಡೆಯನ್ನು ನೋಡಿದ. "ಇಲ್ಲೂ ಎದ್ದು ಬಂತಾ" ಅಂತಷ್ಟೇ ಅಂದು, ಅತ್ತೆಯ ಪಕ್ಕದಲ್ಲಿ, ಹೊಸ್ತಿಲಲ್ಲೇ ಕೂತುಬಿಟ್ಟ.

ಯಾರೂ ಕೇಳಲಿಲ್ಲ. ಅವನೇ ಹೇಳಿದ.

"'ಮಗಳಿಗೆ ಮಾತು ಕೊಟ್ಟಿದೀನಿ, ಚುಕ್ಕಿ ಇಡಬೇಕು' ಅಂತಿದ್ಲು ಟೀಚರ್. ನಾನಿಡ್ತೀನಿ ಅಂದ್ರೆ ಬೇಡ. ಮೊದಲು ಗೆರೆಗಳನ್ನ ಮುಂದುವರಿಸಿ, ಅವು ಎಲ್ಲಿ ಕೂಡುತ್ತೋ ಅಲ್ಲೇ ಇಡಬೇಕಂತೆ. ಮೊದಮೊದಲು ನಾನು ಎತ್ತಿ ಹಿಡೀತಿದ್ದೆ. ಆಮೇಲೆ ಮುಟ್ಟಿದ್ರೆ ನೋವು, ಎತ್ತೋ ಹಾಗೇ ಇರ್ಲಿಲ್ಲ. ಮಲಗಿದಲ್ಲೇ ಎಳೀತಿದ್ಲು. ಮಾತ್ರೆಯ ಮಂಪರಲ್ಲಿ ನಿನ್ನೆ ಎಳೆದದ್ದು ಇವತ್ತು ನೆನಪಿಲ್ಲ. ಮಧ್ಯಾಹ್ನ ಎಚ್ಚರ ಆದ ತಕ್ಷಣ ಬಳಪ ಕೇಳೋಳು. ಎಳೆದು, 'ಸರಿಯಾಯ್ತಾ?' ಅನ್ನೋಳು. ನಾನು 'ಸರಿಯಾಗಿದೆ ಟೀಚರ್' ಅನ್ನೋನು. ಒಂದು ಗಳಿಗೆ ನೋಡಿ, 'ಇಲ್ಲ, ಕೂಡಿಲ್ಲ' ಅಂತ ಮತ್ತೆ ಬಳಪ ತಗೊಳ್ಳೋಳು." ಅವನು ಮುಖ ಒರೆಸಿಕೊಂಡ. "ಊರಿಗೇ ಲೆಕ್ಕ ಹೇಳಿಕೊಟ್ಟೋಳು. ಅವಳ ತಪ್ಪು ಲೆಕ್ಕಾನ ಯಾರೂ ನೋಡಬಾರದು ಅನಿಸ್ತು. ಅದಕ್ಕೇ ಬಣ್ಣ ಹೊಡೆದೆ. ಅದಕ್ಕೇ ಮುಚ್ಚಿದೆ."

"ನನ್ನನ್ನ ಕರೀಬಹುದಿತ್ತಲ್ಲ" ಅಂದಳು ಹುಡುಗಿ.

"ನೀನು ಚಿಕ್ಕವಳು—"

"ನನ್ನನ್ನ ಕರೆದಿದ್ರೆ ಸ್ಟೂಲು ಹತ್ತಿ ನಾನೇ ಇಡ್ತಿದ್ದೆ! ಅವಳು ಹೇಳ್ತಿದ್ಲು, ನಾನು ಇಡ್ತಿದ್ದೆ. ಒಂದು ಚುಕ್ಕಿ ಅಪ್ಪ! ಒಂದೇ ಒಂದು ಚುಕ್ಕಿ!"

ಎರಡು ವರ್ಷದಿಂದ ಅವಳು ಅತ್ತದ್ದನ್ನು ಆ ಮನೆಯವರು ಕಂಡಿರಲಿಲ್ಲ. ಈಗ ಅತ್ತ ಅಳು ಬೀದಿಗೆ ಕೇಳಿಸಿತು. ಸಮಾಧಾನ ಮಾಡಲು ಹೋದ ಅಪ್ಪನನ್ನು ಎದೆಗೆ ಗುದ್ದಿದಳು. ಅವನು ಗುದ್ದಿಸಿಕೊಂಡ. ಅತ್ತೆ ಬಾಯಿಗೆ ಬಟ್ಟೆ ಹಿಡಿದುಕೊಂಡರು. ಹೊಸಬಳು ಮಾತ್ರ ತನಗಿಲ್ಲಿ ಏನು ಜಾಗ ಅಂತ ತಿಳಿಯದೆ, ಹೋಗಲೂ ಆಗದೆ, ಮಂಚದ ಕಬ್ಬಿಣ ಹಿಡಿದು ನಿಂತಿದ್ದಳು.

ಅಳು ಮುಗಿದ ಮೇಲೆ ಹುಡುಗಿ ಮೂಗು ಒರೆಸಿಕೊಂಡು ಸ್ಕೇಲು ಎತ್ತಿಕೊಂಡಳು. ಹಜಾರದ ಹನ್ನೆರಡು ಟೈಲು. ನಡುಗೋಡೆಯ ದಪ್ಪ ಅರ್ಧ. ಒಳಗೆ ಮೂರೂವರೆ. ಮಂಚದ ಮೇಲೆ ನಿಂತು ಎತ್ತರ ಅಳೆದಳು. ಅವಳ ಬೆರಳು ನಿಂತ ಜಾಗ ಬರೀ ಬಿಳಿಯಾಗಿತ್ತು. ಅಮ್ಮ ಎಳೆದ ಅತಿ ಎತ್ತರದ ಗೆರೆಯಿಂದಲೂ ಅದು ಬಹಳ ಮೇಲಿತ್ತು.

"ಇಲ್ಲಿ" ಅಂದಳು. "ಅವಳಿಗೆ ಎಟಕಲಿಲ್ಲ ಅಷ್ಟೇ. ಎಲ್ಲಾ ಗೆರೆನೂ ಇತ್ತ ಕಡೆಗೇ ಬರ್ತಿತ್ತು ನೋಡಿ." ಆಮೇಲೆ ಅಪ್ಪನ ಕಡೆ ತಿರುಗಿ, "ನೀನಿಡು" ಅಂದಳು.

"ನಾನಾ?"

"ನನಗೆ ಎಟಕುತ್ತೆ. ಆದ್ರೂ ನೀನೇ ಇಡು."

ಅವನ ಕಿವಿಯ ಹಿಂದೆ ಕೆಲಸದ ಪೆನ್ಸಿಲಿತ್ತು. ಅದನ್ನು ತೆಗೆದು, ಮಂಚ ಹತ್ತಿ, ಮಗಳ ಬೆರಳ ತುದಿಯ ಪಕ್ಕದಲ್ಲಿ ಒಂದು ಚುಕ್ಕಿ ಇಟ್ಟ. ಎಷ್ಟು ಸಣ್ಣದೆಂದರೆ ಕೆಳಗಿಂದ ನೋಡಿದ ಅತ್ತೆ "ಇಟ್ಟನಾ?" ಅಂತ ಕೇಳಿದರು.

ಮುಂದಿನ ಪರೀಕ್ಷೆಯಲ್ಲಿ ಹುಡುಗಿ ಆ ಪ್ರಶ್ನೆಗೆ ಉತ್ತರ ಬರೆದಳು ಅಂತ ಎಳೆ ಮೇಷ್ಟ್ರು ಅಂಗಡಿಗೆ ಬಂದು ಹೇಳಿಹೋದ. ಅಪ್ಪನ ಜೊತೆ ಅವಳು ಸುಮಾರು ದಿನ ಮಾತು ಬಿಟ್ಟಿದ್ದಳು. ಆಮೇಲೆ ಯಾವತ್ತೋ, ಯಾವುದೋ ಚಪ್ಪಲಿಯ ವಿಷಯಕ್ಕೆ ಶುರುವಾಯಿತು. ಗೋಡೆಗೆ ಮತ್ತೆ ಬಣ್ಣ ಹೊಡೆಯಲು ಅವಳು ಬಿಡಲಿಲ್ಲ. ಹಾಸಿಗೆ ತರಿಸಿ ಆ ಕೋಣೆಯನ್ನೇ ತನ್ನದು ಮಾಡಿಕೊಂಡಳು. ಹೆದರಿಕೆ ಆಗಲ್ವಾ ಅಂದರೆ, "ನಮ್ಮಮ್ಮನಿಗೆ ನಾನ್ಯಾಕೆ ಹೆದರಲಿ?" ಅಂದಳು. ಅತ್ತೆ, 'ಟೀಚರ್ ಇದ್ದಾಗ ಹೀಗಿರಲಿಲ್ಲ' ಅನ್ನುವುದನ್ನು ಬಿಟ್ಟರು ಅಂತ ಹೇಳಿದರೆ ಸುಳ್ಳಾಗುತ್ತದೆ. ಸ್ವಲ್ಪ ಮೆಲ್ಲಗೆ ಅನ್ನುತ್ತಿದ್ದರು.

ಹೊಸಬಳಿಗೆ ಟೀಚರ್ ಮೇಲಿದ್ದ ಸಿಟ್ಟು ಅವತ್ತೇ ಹೋಗಿತ್ತು. ಅದರ ಜಾಗಕ್ಕೆ ಬಂದದ್ದು ಏನು ಅಂತ ಅವಳಿಗೆ ಹೇಳಲು ಬರುತ್ತಿರಲಿಲ್ಲ. ತಪ್ಪೇ ಮಾಡದ ಟೀಚರನ್ನು ಮರೆಯುವುದು ಸುಲಭವಿತ್ತು. ಮಧ್ಯಾಹ್ನ ಎಚ್ಚರವಾದ ಕೂಡಲೇ ಬಳಪ ಕೇಳುವ ಟೀಚರ್ ಅವಳನ್ನು ಅಂಗಡಿಯಲ್ಲೂ ಬಿಡುತ್ತಿರಲಿಲ್ಲ. ಬಿಸಿ ಕೋಟಿನ ಮೇಲೆ ಬಗ್ಗಿ ಇಸ್ತ್ರಿ ತಳ್ಳುವಾಗ ಕಿವಿಯ ಹತ್ತಿರ ಯಾರೋ ಸರಿಯಾಯ್ತಾ ಅಂತ ಕೇಳಿದ ಹಾಗಾಗುತ್ತಿತ್ತು. ಸರಿಯಾಯ್ತು ಅಂತ ಮನಸ್ಸಿನಲ್ಲೇ ಅಂದುಬಿಡುತ್ತಿದ್ದಳು.

ರಜೆಯ ದಿನ ಮಧ್ಯಾಹ್ನ, ಹುಡುಗಿಯ ಮಡಿಸಿದ ಬಟ್ಟೆ ಇಡಲು ಆ ಕೋಣೆಗೆ ಹೋಗುವಾಗ, ಒಳಗೆ ಯಾರೂ ಇಲ್ಲ ಅಂತ ಗೊತ್ತಿದ್ದರೂ ಅವಳು ಬಾಗಿಲು ತಟ್ಟಿಯೇ ಹೋಗುತ್ತಾಳೆ. ತಟ್ಟಿ, ಒಳಗಿನ ಸದ್ದಿಗೆ ಕಿವಿಗೊಡುತ್ತಾಳೆ.

ಒಂದು ದಿನ ಹಿಂದಿನಿಂದ ಬಂದ ಹುಡುಗಿ ಅದನ್ನು ನೋಡಿಬಿಟ್ಟಳು.

"ನಾನು ಇಲ್ಲಿ ಹೊರಗೇ ಇದೀನಲ್ಲ. ಮತ್ಯಾಕೆ ತಟ್ತೀಯ?" ಅಂದಳು.

ಅವಳು ಬಟ್ಟೆಯ ಅಂಚು ಸರಿಮಾಡಿದಳು. "ಸುಮ್ನೆ" ಅಂದಳು.